ಎಲುಬು ನಮಗೆ, ಮಾಂಸ ಯಾರಿಗೆ?

ಕಳೆದ ವಾರ ನಮ್ಮ ಊರಿನಲ್ಲಿ ಒಂದು ಸಭೆ ನಡೆಯಿತು. ಪೌಷ್ಟಿಕ ಆಹಾರದ ಮೇಲೆ ಉಪನ್ಯಾಸ. ವೇದಿಕೆಯ ಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಇದ್ದವು. ಕೆಳಗೆ ಜಮಖಾನದ ಮೇಲೆ ಸ್ವಸಹಾಯ ಸಂಘದ ಹೆಂಗಸರು, ಅಂಗನವಾಡಿಗೆ ಮಕ್ಕಳನ್ನು ಕಳಿಸುವ ತಾಯಂದಿರು, ಅವರ ಮಡಿಲಲ್ಲಿ ಕೂಸುಗಳು. ಮುಖ್ಯ ಭಾಷಣಕಾರರಾದ ಮಹಾಶಯರು (ಹೆಸರು ಬೇಡ, ಹೆಸರಿಗಿಂತ ಮಾತು ಮುಖ್ಯ) ಒಂದು ಗಂಟೆ ಮಾತಾಡಿ ಕೊನೆಗೆ ಹೇಳಿದ್ದಿಷ್ಟು: ಬಡವರಲ್ಲಿ ದುಡ್ಡಿನ ಕೊರತೆಗಿಂತ ತಿಳಿವಳಿಕೆಯ ಕೊರತೆ ದೊಡ್ಡದು, ಮೊಟ್ಟೆ ಕೊಡಿ, ಹಾಲು ಕೊಡಿ ಎಂದು ಸರ್ಕಾರದ ಮುಂದೆ ಕೈ ಚಾಚುವುದನ್ನು ಬಿಟ್ಟು, ಮನೆಯಲ್ಲಿ ಉಳಿದ ಎಲುಬನ್ನು ಬೇಯಿಸಿ ಸೂಪು ಮಾಡಿ ಮಕ್ಕಳಿಗೆ ಕುಡಿಸಲಿ, ಸುಣ್ಣದ ಅಂಶ, ಕಬ್ಬಿಣದ ಅಂಶ, ಮಾಂಸದ ಸತ್ವ ಎಲ್ಲವೂ ಅದರಲ್ಲೇ ಇದೆ! ಚಪ್ಪಾಳೆ ಬಿತ್ತು. ಕೆಳಗಿನವರಿಗಿಂತ ವೇದಿಕೆಯ ಮೇಲಿದ್ದವರೇ ಜೋರಾಗಿ ತಟ್ಟಿದರು.

ಸಭೆ ಮುಗಿದ ಮೇಲೆ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ಕೇಳಿದರು: "ಅಲ್ಲ ಮೇಷ್ಟ್ರೇ, ಎಲುಬು ಉಳೀಬೇಕಾದ್ರೆ ಮೊದಲು ಮಾಂಸ ತರಬೇಕಲ್ವಾ?"

ಒಂದು ಗಂಟೆಯ ಉಪನ್ಯಾಸಕ್ಕೆ ಒಂದು ಸಾಲಿನ ಉತ್ತರ. ನಾವು ಇಲ್ಲಿ ಬರೆಯುತ್ತಿರುವುದು ಆ ಸಾಲಿನ ವಿಸ್ತರಣೆ ಮಾತ್ರ.

ಮೊದಲು ಸಾರಿನ ಮಾತು

ನಾವು ಎಲುಬಿನ ಸಾರಿನ ವೈರಿಗಳಲ್ಲ. ಅದನ್ನು ಕುಡಿದು ಬೆಳೆದವರು. ಆದ್ದರಿಂದ ಮೊದಲು ಅದರ ಗುಣವನ್ನೇ ಹೇಳಿ, ಆಮೇಲೆ ಜಗಳಕ್ಕೆ ನಿಲ್ಲೋಣ.

ಕುರಿಯ ಕಾಲಾದರೆ ಬೆಂಕಿಯಲ್ಲಿ ಸುಟ್ಟು, ಕೂದಲು ಹೋಗುವಂತೆ ಕೆರೆದು, ಅರಿಶಿನ ಹಚ್ಚಿ ತೊಳೆಯಬೇಕು. ಮಾಂಸದ ಜತೆ ಬಂದ ನಲ್ಲಿ ಮೂಳೆ, ಕೀಲು ಮೂಳೆ, ಕುತ್ತಿಗೆ ಮೂಳೆಯಾದರೆ ಅಡುಗೆಗೆ ಮುಂಚೆಯೇ ಆರಿಸಿ ಬೇರೆ ಇಡಬೇಕು. ಎಲೆಯಲ್ಲಿ ಕಚ್ಚಿ ಬಿಟ್ಟ ಎಲುಬನ್ನು ಮತ್ತೆ ಒಲೆಗೇರಿಸುವ ಪದ್ಧತಿ ನಮ್ಮಲ್ಲಿಲ್ಲ. ಪಾತ್ರೆಯಲ್ಲಿ ಉಳಿದದ್ದು ಬೇರೆ, ಎಲೆಯಲ್ಲಿ ಉಳಿದದ್ದು ಬೇರೆ. ಎಲುಬನ್ನು ಜಜ್ಜಿ, ಮುಳುಗುವಷ್ಟು ತಣ್ಣೀರು ಹಾಕಿ, ಸಣ್ಣ ಉರಿಯಲ್ಲಿ ಇಡಬೇಕು. ಕುದಿ ಬರುವ ಹೊತ್ತಿಗೆ ಮೇಲೆ ಬೂದು ಬಣ್ಣದ ನೊರೆ ಕಟ್ಟುತ್ತದೆ. ಅದನ್ನು ಸೌಟಿನಿಂದ ತೆಗೆದುಬಿಡಬೇಕು. ಆಮೇಲೆ ಉರಿ ಇನ್ನೂ ತಗ್ಗಿಸಬೇಕು. ಕೊತಕೊತ ಕುದಿಸಿದರೆ ಸಾರು ಕದಡುತ್ತದೆ. ಸಣ್ಣಗೆ ಬೆಂದರೆ ತಿಳಿಯಾಗಿರುತ್ತದೆ. ಸೌದೆ ಒಲೆಯಲ್ಲಿ ಮೂರು ನಾಲ್ಕು ಗಂಟೆ, ಕುಕ್ಕರಿನಲ್ಲಿ ಒಂದು ಗಂಟೆ. ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಈರುಳ್ಳಿ, ಕಾಳುಮೆಣಸು, ಕೊತ್ತಂಬರಿ ಬೀಜ. ಉಪ್ಪು ಕೊನೆಗೆ, ಏಕೆಂದರೆ ನೀರು ಇಂಗಿದಷ್ಟೂ ಉಪ್ಪು ಏರುತ್ತದೆ.

ಚಳಿಗಾಲದ ರಾತ್ರಿ ಈ ಸಾರನ್ನು ಇಟ್ಟರೆ ಬೆಳಗ್ಗೆ ಅದು ಲೋಳೆಯಂತೆ ಗಟ್ಟಿಯಾಗಿರುತ್ತದೆ. ಕೀಲಿನ ಸುತ್ತಲ ನರ, ಚರ್ಮ, ಮೃದು ಎಲುಬುಗಳಲ್ಲಿರುವ ಕೊಲಾಜನ್ ಎಂಬ ವಸ್ತು ದೀರ್ಘ ಬೇಗೆಗೆ ಕರಗಿ ಜೆಲಟಿನ್ ಆಗಿರುವುದೇ ಇದಕ್ಕೆ ಕಾರಣ. ಮೇಲೆ ಕಟ್ಟಿದ ಕೊಬ್ಬನ್ನು ತೆಗೆದಿಟ್ಟರೆ ಮಾರನೆಯ ದಿನದ ಒಗ್ಗರಣೆಗೆ ಎಣ್ಣೆ ಬೇಡ. ಆದರೆ ಬೇಸಿಗೆಯಲ್ಲಿ ಈ ಸಾರನ್ನು ಹಾಗೇ ಇಡಬಾರದು. ಇಂಥ ಸಾರು ಬೇಗ ಕೆಡುತ್ತದೆ. ಮತ್ತೆ ಕುದಿಸಿದರೂ ಕೆಟ್ಟದ್ದೆಲ್ಲ ಸರಿಹೋಗುವುದಿಲ್ಲ. ಮಾಡಿದ ದಿನವೇ ಮುಗಿಸುವುದು ಲೇಸು. ಬೆಂದು ಮೆತ್ತಗಾದ ಎಲುಬನ್ನು ತೆಂಗಿನ ಬುಡಕ್ಕೋ ನಿಂಬೆಯ ಬುಡಕ್ಕೋ ಹೂಳಿದರೆ ಗಿಡಕ್ಕೆ ರಂಜಕದ ಗೊಬ್ಬರ. ಹೀಗೆ ಒಂದು ಚೂರೂ ವ್ಯರ್ಥವಾಗದ ಅಡುಗೆ ಇದು. ಜ್ವರ ಬಿಟ್ಟವರಿಗೆ, ಬಾಣಂತಿಗೆ, ಮಳೆಯಲ್ಲಿ ನೆನೆದು ಬಂದ ಕೂಲಿಗೆ ಬಿಸಿ ಬಿಸಿ ಕಾಲು ಸೂಪು ಕೊಟ್ಟರೆ ಜೀವ ಬಂದಂತಾಗುವುದು ಸುಳ್ಳಲ್ಲ. ಇದನ್ನು ಕಲಿಸಲು ನಮ್ಮ ತಾಯಂದಿರಿಗೆ ಯಾವ ಉಪನ್ಯಾಸಕರೂ ಬೇಕಿರಲಿಲ್ಲ.

ಸಾರಿನಲ್ಲಿ ಏನಿದೆ, ಏನಿಲ್ಲ

ಇನ್ನು ಮಹಾಶಯರ ಮಾತಿಗೆ ಬರೋಣ. ಎಲುಬಿನಲ್ಲಿ ಸುಣ್ಣದ ಅಂಶ ತುಂಬಿದೆ, ಆದ್ದರಿಂದ ಎಲುಬಿನ ಸಾರಿನಲ್ಲಿಯೂ ತುಂಬಿದೆ ಎಂಬುದು ಅವರ ತರ್ಕ. ಕಲ್ಲುಗುಂಡನ್ನು ನೀರಿನಲ್ಲಿ ಕುದಿಸಿದರೆ ನೀರು ಕಲ್ಲಾಗುತ್ತದೆಯೆ? ಎಲುಬಿನ ಸುಣ್ಣ ನೀರಿನಲ್ಲಿ ಕರಗುವ ಸುಣ್ಣವಲ್ಲ. ಹುಣಸೆ, ಟೊಮೇಟೊ ಹಾಕಿದರೆ ಹುಳಿಗೆ ಚೂರು ಹೆಚ್ಚು ಬಿಡುತ್ತದೆ, ಅಷ್ಟೆ. 1934ರಲ್ಲಿಯೇ ಲಂಡನ್ನಿನಲ್ಲಿ ಮೆಕ್ಯಾನ್ಸ್, ಶೆಲ್ಡನ್, ವಿಡೋಸನ್ ಎಂಬ ಮೂವರು, ಕೂಸುಗಳಿಗೆ ಕುಡಿಸುವ ಎಲುಬು ತರಕಾರಿಯ ಸಾರನ್ನು ಅಳೆದು ನೋಡಿದರು. ಸುಣ್ಣದ ವಿಷಯದಲ್ಲಿ ಅದು ಹಾಲಿಗೆ ಸಮನಲ್ಲವೆಂದು ಅವರಿಗೆ ಕಂಡಿತು.

ತಮಾಷೆ ಏನೆಂದರೆ, ನಮ್ಮವರು ಆ ಸಾರನ್ನು ಯಾವುದರ ಜತೆ ಉಣ್ಣುತ್ತಾರೋ ಸುಣ್ಣ ಇರುವುದು ಅದರಲ್ಲಿ! 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಉಂಟು. ಹಾಲಿನಲ್ಲಿ ಅದೇ ತೂಕಕ್ಕೆ ಸುಮಾರು 120. ಸಾರಿನ ಬಟ್ಟಲು ಇವೆರಡರ ಹತ್ತಿರವೂ ಬರದು. ಮುದ್ದೆಗೆ ಸಲ್ಲಬೇಕಾದ ಕೀರ್ತಿಯನ್ನು ಸಾರಿಗೆ ಕಟ್ಟಿದ್ದಾರೆ. ಕಬ್ಬಿಣದ ಅಂಶವಂತೂ ಸಾರಿಗೆ ಇಳಿಯುವುದು ಅತ್ಯಲ್ಪ.

ಇನ್ನು ಮಾಂಸದ ಸತ್ವ. ಮೈ ಕಟ್ಟುವುದು ಪ್ರೋಟೀನು. ಪ್ರೋಟೀನು ಎಂದರೆ ಅನೇಕ ಬಗೆಯ ಇಟ್ಟಿಗೆಗಳ ಗೋಡೆ. ಅವುಗಳಲ್ಲಿ ಕೆಲವನ್ನು ನಮ್ಮ ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಅಂಥವುಗಳಲ್ಲಿ ಒಂದು ಟ್ರಿಪ್ಟೊಫ್ಯಾನ್. 1901ರಲ್ಲಿ ಹಾಪ್ಕಿನ್ಸ್ ಮತ್ತು ಕೋಲ್ ಅದನ್ನು ಬೇರ್ಪಡಿಸಿ ತೋರಿಸಿದರು. ಜೆಲಟಿನ್ನಿನಲ್ಲಿ ಈ ಇಟ್ಟಿಗೆ ಇಲ್ಲವೇ ಇಲ್ಲ. ಒಂದು ಇಟ್ಟಿಗೆ ಇಲ್ಲದಿದ್ದರೆ ಉಳಿದವು ರಾಶಿ ಬಿದ್ದಿದ್ದರೂ ಗೋಡೆ ಏಳದು. ಹುರುಳಿ, ಅವರೆ, ತೊಗರಿ, ಮೊಟ್ಟೆ, ಹಾಲು, ಮಾಂಸದಲ್ಲಿ ಅದು ಉಂಟು. ಆದ್ದರಿಂದಲೇ ಹುರುಳಿಕಾಳು ಬಿದ್ದ ಎಲುಬಿನ ಸಾರು ಊಟ. ಬರೀ ಎಲುಬಿನ ಸಾರು ಊಟದ ವಾಸನೆ.

ಹಳೆಯ ಕಥೆ, ಹೊಸ ಭಾಷಣ

ಇದೇನು ಇಂದಿನ ಶೋಧವಲ್ಲ. ಬಡವನ ಬಾಯಿಗೆ ಎಲುಬಿನ ಸಾರು ಸುರಿದು ಮಾಂಸದ ಲೆಕ್ಕ ಮುಗಿಸುವ ಉಪಾಯಕ್ಕೆ ಇನ್ನೂರು ವರ್ಷ ದಾಟಿದೆ. ಮಹಾಶಯರು ಆ ಇತಿಹಾಸವನ್ನು ಓದಿದ್ದರೆ ಚೆನ್ನಾಗಿತ್ತು.

1679ರಲ್ಲಿ ದೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ, ಬಿಗಿಮುಚ್ಚಳದ ಪಾತ್ರೆಯಲ್ಲಿ ಹಬೆಯನ್ನು ಹಿಡಿದಿಟ್ಟು ಗಟ್ಟಿ ಎಲುಬನ್ನೂ ಮೆತ್ತಗಾಗಿಸಿ ತೋರಿಸಿದ. ಇಂದಿನ ನಮ್ಮ ಕುಕ್ಕರು ಅದರ ಮರಿಮಗು. ಒಳ್ಳೆಯ ಯಂತ್ರ, ಒಳ್ಳೆಯ ಬುದ್ಧಿ. ಆದರೆ ಯಂತ್ರ ಯಾರ ಕೈಗೆ ಹೋಯಿತು ಎಂಬುದೇ ಎಲ್ಲ ಕಾಲದ ಪ್ರಶ್ನೆ. ಮುಂದಿನ ಶತಮಾನದ ಕೊನೆಗೆ ಫ್ರಾನ್ಸಿನಲ್ಲಿ ಮಹಾಕ್ರಾಂತಿಯಾಯಿತು, ಬಡವರು ರೊಟ್ಟಿ ಕೇಳಿದರು. ಆ ನಂತರದ ದಶಕಗಳಲ್ಲಿ ದಾರ್ಸೆ ಎಂಬ ರಸಾಯನಜ್ಞ ಎಲುಬಿನಿಂದ ಜೆಲಟಿನ್ ತೆಗೆದು ಆಸ್ಪತ್ರೆಗೂ ಅನಾಥಾಲಯಗಳಿಗೂ ಅಗ್ಗದ ಸಾರು ಒದಗಿಸಬಹುದೆಂದು ಸಾರಿದ. 1829ರಿಂದ ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಅವನ ಯಂತ್ರ ನಡೆಯಿತು. ಬಡ ರೋಗಿಗಳ ಬಟ್ಟಲಿಗೆ ಈ ಸಾರು ಬಂತು. ಸಾಹುಕಾರನ ಮೇಜಿಗೆ ಬಂತೆ? ಇಲ್ಲ! ಅಲ್ಲಿ ಮಾಂಸವೇ ಇತ್ತು.

ಈ ಸಾರಿನ ಬಗ್ಗೆ ವೈದ್ಯರಲ್ಲೇ ವಾದ ಹುಟ್ಟಿತು. ವಿಜ್ಞಾನ ಅಕಾಡೆಮಿ ಸಮಿತಿ ನೇಮಿಸಿತು. ಮಜಾಂದಿ ಎಂಬ ಹೆಸರಾಂತ ಶರೀರಶಾಸ್ತ್ರಜ್ಞನ ಮುಂದಾಳುತನದಲ್ಲಿ ಆ ಸಮಿತಿ ವರ್ಷಗಟ್ಟಲೆ ನಾಯಿಗಳಿಗೆ ಜೆಲಟಿನ್ ತಿನ್ನಿಸಿ ಪರೀಕ್ಷಿಸಿ, 1841ರಲ್ಲಿ ವರದಿ ಕೊಟ್ಟಿತು. ಬರೀ ಜೆಲಟಿನ್ ತಿಂದ ನಾಯಿಗಳು ಸೊರಗಿ ಸತ್ತವು. ನಾಯಿಯನ್ನೂ ಬದುಕಿಸದ ಊಟವನ್ನು ಮನುಷ್ಯನಿಗೆ ಸಾಕೆಂದು ಹೇಳಿದ್ದರು! ಅದಾದ ಮೇಲೆ 180 ವರ್ಷ ಕಳೆದಿವೆ. ನಮ್ಮ ಊರಿನ ವೇದಿಕೆಗೆ ಆ ವರದಿ ಇನ್ನೂ ತಲುಪಿದಂತಿಲ್ಲ.

ಅತ್ತ ಇಂಗ್ಲೆಂಡಿನಲ್ಲಿ 1834ರ ಬಡವರ ಕಾನೂನು ಬಂದಿತ್ತು. ನೆರವು ಬೇಕಾದವನು 'ದುಡಿಮೆಮನೆ' ಸೇರಬೇಕು. ಅಲ್ಲಿನ ಬದುಕು ಹೊರಗಿನ ಅತಿ ಬಡ ಕೂಲಿಯ ಬದುಕಿಗಿಂತಲೂ ಕಡೆಯಾಗಿರಬೇಕು, ಆಗ ಯಾರೂ ಸುಮ್ಮನೆ ಬರುವುದಿಲ್ಲ ಎಂಬುದು ಅದರ ತತ್ವ. ಆಂಡೋವರ್ ಎಂಬ ಊರಿನ ದುಡಿಮೆಮನೆಯಲ್ಲಿ ಬಡವರಿಗೆ ಕೊಟ್ಟ ಕೆಲಸ ಎಲುಬು ಕುಟ್ಟುವುದು. ಹಳೆಯ ಎಲುಬನ್ನು ಭಾರದ ಕಬ್ಬಿಣದ ಹಾರೆಯಿಂದ ಪುಡಿ ಮಾಡಬೇಕು, ಅದು ಹೊಲಕ್ಕೆ ಗೊಬ್ಬರವಾಗಿ ಹೋಗಬೇಕು. 1845ರಲ್ಲಿ ಹೊರಬಿದ್ದ ಸುದ್ದಿ ಇದು: ಹಸಿವು ತಾಳಲಾರದೆ ಆ ಜನ ಕುಟ್ಟಬೇಕಾದ ಕೊಳೆತ ಎಲುಬಿಗೆ ಅಂಟಿದ ನರವನ್ನೂ ಒಳಗಿನ ಮಜ್ಜೆಯನ್ನೂ ಕಚ್ಚಿ ತಿನ್ನುತ್ತಿದ್ದರು, ಎಲುಬಿಗಾಗಿ ಅವರವರಲ್ಲೇ ಕಿತ್ತಾಟ ನಡೆಯುತ್ತಿತ್ತು. ಪಾರ್ಲಿಮೆಂಟಿನಲ್ಲಿ ಥಾಮಸ್ ವ್ಯಾಕ್ಲಿ ಈ ಮಾತೆತ್ತಿದರು. 1846ರಲ್ಲಿ ವಿಚಾರಣಾ ಸಮಿತಿ ಕುಳಿತಿತು, 1847ರಲ್ಲಿ ಬಡವರ ಕಾನೂನಿನ ಆಯೋಗವನ್ನೇ ರದ್ದು ಮಾಡಿ ಬೇರೊಂದು ಮಂಡಳಿ ತರಬೇಕಾಯಿತು. ಆಂಡೋವರಿನ ಬಡವರಿಗೆ ಎಲುಬಿನ ಗುಣದ ಬಗ್ಗೆ ತಿಳಿವಳಿಕೆಯ ಕೊರತೆ ಇತ್ತೆಂದು ಯಾರಾದರೂ ಹೇಳಬಲ್ಲರೆ?

ಅದೇ 1847. ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಜನ ಹಸಿವಿನಿಂದ ಸಾಯುತ್ತಿದ್ದರು. ಆದರೂ ಆ ದೇಶದ ದವಸ, ದನ, ಬೆಣ್ಣೆ ಹಡಗೇರಿ ಇಂಗ್ಲೆಂಡಿಗೆ ಹೋಗುವುದು ನಿಂತಿರಲಿಲ್ಲ. ಲಂಡನ್ನಿನ ದೊಡ್ಡ ಕ್ಲಬ್ಬಿನ ಬಾಣಸಿಗ ಅಲೆಕ್ಸಿ ಸೊಯೆ ಎಂಬಾತ ಡಬ್ಲಿನ್ನಿಗೆ ಬಂದು ಮಾದರಿ ಸೂಪು ಮನೆ ತೆರೆದ. ಅವನ ಸೂಪಿನ ಒಂದು ಲೆಕ್ಕ ಕೇಳಿ: 9 ಲೀಟರು ನೀರಿಗೆ 113 ಗ್ರಾಂ ದನದ ಮಾಂಸ, ಜತೆಗೆ ತುಸು ಕೊಬ್ಬು, ಈರುಳ್ಳಿ, ಹಿಟ್ಟು, ಬಾರ್ಲಿ, ಉಪ್ಪು, ಸಕ್ಕರೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ? ಗಂಟೆ ಹೊಡೆದರೆ ನೂರು ಜನ ಒಳಗೆ, ಚಮಚಕ್ಕೆ ಸರಪಳಿ, ಆರು ನಿಮಿಷಕ್ಕೆ ಮತ್ತೆ ಗಂಟೆ, ಹೊರಗೆ! ಬಡವರು ಸೂಪು ಕುಡಿಯುವುದನ್ನು ನೋಡಲು ಸಿರಿವಂತರು ಐದು ಶಿಲಿಂಗ್ ಕೊಟ್ಟು ಬಂದರು. ವೈದ್ಯರ ಪತ್ರಿಕೆಯಾದ ಲ್ಯಾನ್ಸೆಟ್ ಈ ಸೂಪಿನಲ್ಲಿ ಸತ್ವವಿಲ್ಲವೆಂದು ಛೀಮಾರಿ ಹಾಕಿತು.

ಇಲ್ಲೊಂದು ನ್ಯಾಯದ ಮಾತು ಹೇಳದಿದ್ದರೆ ನಾವೂ ಸುಳ್ಳು ಹೇಳಿದಂತೆ. ಆ ವರ್ಷದ ಬೇಸಗೆಯಲ್ಲಿ ಸರ್ಕಾರ ಐರ್ಲೆಂಡಿನ ಉದ್ದಗಲಕ್ಕೆ ತೆರೆದ ಗಂಜಿ ಮನೆಗಳಲ್ಲಿ ದಿನಕ್ಕೆ ಸುಮಾರು 30 ಲಕ್ಷ ಜನ ಉಂಡರು. ತೆಳುವಾದರೂ ಅದು ಬಹಳ ಜೀವ ಉಳಿಸಿತು. ಆದರೆ ಚಳಿಗಾಲ ಬರುವ ಮುಂಚೆಯೇ ಸರ್ಕಾರ ಅವನ್ನು ಮುಚ್ಚಿತು; ಬಡವರ ಹೊಣೆಯನ್ನು ಮತ್ತೆ ದುಡಿಮೆಮನೆಯ ಕಾನೂನಿಗೆ ವಹಿಸಿತು. ಸಾವು ಮುಂದುವರಿಯಿತು. ತಪ್ಪು ಸೂಪಿನದಲ್ಲ. ಸೂಪು ಕೊಟ್ಟೆವು, ಇನ್ನೇನೂ ಕೊಡಬೇಕಿಲ್ಲ ಎಂಬ ಧೋರಣೆಯದು. ನಮ್ಮ ವಾದವೆಲ್ಲ ಇಷ್ಟರಲ್ಲೇ ಇದೆ: ಎಲುಬಿನ ಸಾರು ಅಡುಗೆಮನೆಯಲ್ಲಿ ಜಾಣತನ, ಆಡಳಿತದ ಬಾಯಲ್ಲಿ ಮೋಸ.

ಎಂಜಲು ಯಾರದು?

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳ ಒಂದು ಸಂಗತಿ. ಆಹಾರದ ಪಾಠ. ನಿನ್ನೆ ರಾತ್ರಿ ಏನು ಉಂಡಿರಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದೆವು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು "ಮೂಳೆ ಸಾರು ಸಾ" ಎಂದ. ತರಗತಿ ನಕ್ಕಿತು. ಇನ್ನೊಬ್ಬ ಹುಡುಗ "ನಾಯಿಗಾಕೋದು ಸಾ" ಎಂದು ಕೂಗಿದ. ನಾವು ಗದರಿಸಲಿಲ್ಲ, ಮುಂದಿನವನನ್ನು ಎಬ್ಬಿಸಿದೆವು. ಅದು ಇಂದಿಗೂ ಮನಸ್ಸಿನಲ್ಲಿ ಮುಳ್ಳಿನಂತಿದೆ. ಆ ಹುಡುಗ ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಹುಡುಕಿಕೊಂಡು ಹೋದೆವು. ಅವನ ತಾಯಿ ಭಾನುವಾರ ಸಂಜೆ ಅಂಗಡಿ ಕಟ್ಟುವ ಹೊತ್ತಿಗೆ ಹೋಗಿ, ಮಾಂಸ ಬಿಡಿಸಿ ಉಳಿದ ಎಲುಬನ್ನು ಹತ್ತಿಪ್ಪತ್ತು ರೂಪಾಯಿಗೆ ತರುತ್ತಿದ್ದಳು. ಬಿಟ್ಟಿ ತಂದದ್ದಲ್ಲ, ದುಡ್ಡು ಕೊಟ್ಟು ತಂದದ್ದು. ಅಂದು ನಮಗೂ ಒಂದು ಲೋಟ ಕೊಟ್ಟಳು. "ಉಪ್ಪು ಸರೀಗೈತಾ ನೋಡಿ ಮೇಷ್ಟ್ರೇ" ಎಂದಳೇ ಹೊರತು, ನಿಮ್ಮ ಶಾಲೆಯಲ್ಲಿ ನನ್ನ ಮಗನನ್ನು ಯಾಕೆ ನಗಿಸಿದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಎಲುಬಿಗೆ ಅಂಟಿದ ನಾಚಿಕೆ ಎಲ್ಲಿಂದ ಬಂತು? ಈ ನೆಲದಲ್ಲಿ ತಲೆತಲಾಂತರದಿಂದ ಒಂದು ಪಂಗಡದ ಜನಕ್ಕೆ ಸತ್ತ ದನ ಹೊರುವ ಕೆಲಸ ಕಟ್ಟಿ, ಸತ್ತದ್ದನ್ನೂ ಉಳಿದದ್ದನ್ನೂ ಎಸೆದದ್ದನ್ನೂ ತಿನ್ನು ಎಂದು ವಿಧಿಸಿದವರಿಂದ ಬಂತು. 1927ರ ಮಾರ್ಚಿಯಲ್ಲಿ ಮಹಾಡದ ಸಮ್ಮೇಳನದಲ್ಲಿ ಡಾ. ಅಂಬೇಡ್ಕರರು ತಮ್ಮ ಜನರಿಗೆ ಸತ್ತ ದನದ ಮಾಂಸ ಬಿಡಿ, ಎಸೆದ ತುಣುಕನ್ನು ಮುಟ್ಟಬೇಡಿ ಎಂದು ಕರೆಕೊಟ್ಟರು. ಅದು ಅಡುಗೆಯ ಮಾತಲ್ಲ, ಮರ್ಯಾದೆಯ ಮಾತು. ತಾನು ದುಡಿದು ಕೊಂಡ ಎಲುಬನ್ನು ಬೇಯಿಸುವುದು ಸಂಸಾರದ ಜಾಣತನ. ಇನ್ನೊಬ್ಬನು ಮಾಂಸ ತಿಂದು ಉಳಿಸಿದ ಎಲುಬನ್ನು ನಿನಗಿಷ್ಟೇ ಸಾಕು ಎಂದು ಕೊಟ್ಟರೆ ಅದು ಎಂಜಲು. ಎರಡು ಬಟ್ಟಲಿನಲ್ಲಿಯೂ ಸಾರಿನ ರುಚಿ ಒಂದೇ ಇರಬಹುದು; ಕುಡಿಯುವವನ ತಲೆ ಇರುವ ಎತ್ತರ ಒಂದೇ ಅಲ್ಲ.

ಡಬ್ಬಿಯ ವ್ಯಾಪಾರ

ಬಡವನು ಕುಡಿದರೆ ನಗೆಪಾಟಲು. ಅದೇ ಸಾರು ಡಬ್ಬಿ ಸೇರಿ ಇಂಗ್ಲಿಷ್ ಹೆಸರಿಟ್ಟುಕೊಂಡು ಬಂದರೆ ಆರೋಗ್ಯದ ಅಮೃತ! ಇಂದು ದೊಡ್ಡ ಪೇಟೆಗಳಲ್ಲಿ ಎಲುಬಿನ ಸಾರಿನ ಪುಡಿ, ಕೊಲಾಜನ್ ಪುಡಿ ಎಂದು ಮಾರುತ್ತಿದ್ದಾರೆ. ಚರ್ಮ ಮಿನುಗುತ್ತದಂತೆ, ಮಂಡಿನೋವು ಹೋಗುತ್ತದಂತೆ. ಕಾಲು ಸೂಪಿನ ಲೋಟವೊಂದರಲ್ಲಿ ಸಿಗುವುದನ್ನೇ ಹತ್ತಾರು ಪಟ್ಟು ಬೆಲೆಗೆ ಕೊಳ್ಳುತ್ತಿದ್ದೇವೆಂದು ಕೊಳ್ಳುವವರಿಗೂ ಗೊತ್ತಿಲ್ಲ.

ಈ ವ್ಯಾಪಾರಕ್ಕೂ ಹಳೆಯ ಬೇರು ಉಂಟು. ಜರ್ಮನಿಯ ಮಹಾ ರಸಾಯನಜ್ಞ ಲೀಬಿಗ್ ಮಾಂಸದ ರಸವನ್ನು ಇಂಗಿಸಿ ತೆಗೆದ ಸಾರದಲ್ಲಿ ಮಾಂಸದ ಬಲವೇ ಇದೆಯೆಂದು ನಂಬಿಸಿದ. 1865ರಲ್ಲಿ ಅವನ ಹೆಸರಿನ ಕಂಪೆನಿ ಲಂಡನ್ನಿನಲ್ಲಿ ಹುಟ್ಟಿ, ದಕ್ಷಿಣ ಅಮೆರಿಕದ ಉರುಗ್ವೆ ದೇಶದ ಫ್ರೈ ಬೆಂಟೋಸಿನಲ್ಲಿ ಕಾರ್ಖಾನೆ ನಡೆಸಿತು. 1 ಕಿಲೋ ಸಾರಕ್ಕೆ ಸುಮಾರು 30 ಕಿಲೋ ಮಾಂಸ ಬೇಕಾಗುತ್ತಿತ್ತು; ಮೈ ಕಟ್ಟುವ ಪ್ರೋಟೀನು ಹಿಂಡಿದ ಮಾಂಸದಲ್ಲೇ ಉಳಿಯುತ್ತಿತ್ತು, ಶೀಶೆಗೆ ಬರುತ್ತಿದ್ದುದು ರುಚಿ, ಲವಣ. ಇತರ ವಿಜ್ಞಾನಿಗಳು ಇದನ್ನು ಬಯಲು ಮಾಡಿದ ಮೇಲೂ ಕಂಪೆನಿ ಮುಚ್ಚಲಿಲ್ಲ. ಆಹಾರ ಎನ್ನುವುದನ್ನು ತಗ್ಗಿಸಿ ರುಚಿ ಎನ್ನುವುದನ್ನು ಏರಿಸಿತು, ಅಷ್ಟೆ. ಮುಂದೆ 1908ರಲ್ಲಿ ಮ್ಯಾಗಿ ಕಂಪೆನಿಯ ಸೂಪಿನ ಗಟ್ಟಿ ಬಂತು. 1910ರಲ್ಲಿ ಲೀಬಿಗ್ ಕಂಪೆನಿಯ ಆಕ್ಸೊ ಗಟ್ಟಿ ಬಂತು. ಈಗಲೂ ಪೇಟೆಯಲ್ಲಿ ಸಿಗುವ ಇಂಥ ಗಟ್ಟಿಗಳ ಪೊಟ್ಟಣವನ್ನು ತಿರುಗಿಸಿ ಓದಿ ನೋಡಿ, ಉಪ್ಪಿನ ಪಾಲೇ ಮೊದಲು. ಉಪ್ಪನ್ನು ಮಾಂಸದ ಬೆಲೆಗೆ ಮಾರುವ ವಿದ್ಯೆ ಬಂಡವಾಳಶಾಹಿಗೆ ಮಾತ್ರ ಗೊತ್ತು!

ಉಪನ್ಯಾಸದ ಮಹಾಶಯರೂ ಈ ವ್ಯಾಪಾರಿಗಳೂ ಬೇರೆ ಬೇರೆ ಎಂದು ಓದುಗರು ತಿಳಿಯಬಾರದು. ಒಬ್ಬರು ಸಾರೇ ಮಾಂಸ ಎಂದು ಹೇಳಿ ನಮ್ಮ ಬೇಡಿಕೆಯನ್ನು ಇಳಿಸುತ್ತಾರೆ; ಇನ್ನೊಬ್ಬರು ಸಾರೇ ಮಾಂಸ ಎಂದು ಹೇಳಿ ನಮ್ಮ ಕಿಸೆಯನ್ನು ಇಳಿಸುತ್ತಾರೆ. ಸುಳ್ಳು ಒಂದೇ.

ನಮ್ಮ ಊರಿನ ಲೆಕ್ಕ

ಈಗ ಚಪ್ಪಲಿ ಹುಡುಕುತ್ತಿದ್ದ ಆ ತಾಯಿಯ ಪ್ರಶ್ನೆಗೆ ಬರೋಣ. ಎಲುಬು ಉಳಿಯಬೇಕಾದರೆ ಮಾಂಸ ತರಬೇಕು. ಕುರಿ ಮಾಂಸ ಕಿಲೋಗೆ 700 ರೂಪಾಯಿ ದಾಟಿದೆ. 2024–25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಎಂದರೆ ಎರಡು ದಿನ ಮಣ್ಣು ಹೊತ್ತರೆ ಒಂದು ಕಿಲೋ ಮಾಂಸ. ಆ ಎರಡು ದಿನ ಮನೆಯಲ್ಲಿ ಯಾರೂ ಬೇರೇನೂ ಉಣ್ಣಬಾರದು, ಬಸ್ಸು ಹತ್ತಬಾರದು, ಜ್ವರ ಬರಬಾರದು. ಇನ್ನೂ ಒಂದು ಮಾತು. ತಕ್ಕಡಿಗೆ ಬೀಳುವುದು ಎಲುಬು ಸೇರಿದ ಮಾಂಸ. ಎಲುಬಿಗೂ ನಾವು ಮಾಂಸದ ಬೆಲೆಯನ್ನೇ ತೆತ್ತಿರುತ್ತೇವೆ. 'ಉಳಿದ ಎಲುಬು' ಎಂಬುದು ಉಚಿತವಾಗಿ ಬಂದದ್ದಲ್ಲ ಮಹಾಶಯರೇ, ಅದಕ್ಕೆ ಮೊದಲೇ ಹಣ ಸಂದಿದೆ! ಇದರಲ್ಲಿ ಅಂಗಡಿಯವನನ್ನು ದೂರಿ ಫಲವಿಲ್ಲ; ಅವನೂ ಸಂತೆಯಲ್ಲಿ ಕುರಿ ಕೊಂಡು, ದಲ್ಲಾಳಿಗೆ ತೆತ್ತು, ದಿನದ ಬಾಡಿಗೆ ಕಟ್ಟಿ ಬದುಕುವವನೇ. ಮೂರು ನಾಲ್ಕು ಗಂಟೆ ಒಲೆ ಉರಿಯಲು ಸೌದೆ ಬೇಕು, ಇಲ್ಲವೆ ಸಿಲಿಂಡರು ಬೇಕು. ಒಲೆಯ ಮುಂದೆ ಕೂರಲು ಕೂಲಿಯಿಂದ ಬಂದ ಹೆಂಗಸಿಗೆ ಹೊತ್ತು ಬೇಕು. ಇದಾವುದೂ ಉಪನ್ಯಾಸದಲ್ಲಿ ಬರಲಿಲ್ಲ.

ಅಗ್ಗದ ಮಾಂಸವೊಂದಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನು, 13 ವರ್ಷ ದಾಟಿದ ಎಮ್ಮೆ ಕೋಣಗಳ ಹೊರತು ಉಳಿದ ದನಗಳ ಹತ್ಯೆಯನ್ನೆಲ್ಲ ನಿಷೇಧಿಸಿತು. ಅದನ್ನು ತಿನ್ನದವರು ತಿನ್ನದಿರಲಿ, ಯಾರ ನಂಬಿಕೆಗೂ ನಾವು ಅಡ್ಡ ಬರುವುದಿಲ್ಲ. ಆದರೆ ದಲಿತರು, ಮುಸ್ಲಿಮರು, ಕ್ರೈಸ್ತರು, ಇನ್ನೂ ಅನೇಕ ಬಡವರು ವಾರಕ್ಕೊಮ್ಮೆ ಕಾಣುತ್ತಿದ್ದ ಮಾಂಸವನ್ನು ಕಾನೂನಿನ ಕೈಯಿಂದ ಕಿತ್ತುಕೊಂಡು, ಅದೇ ಬಾಯಿಂದ ಎಲುಬಿನ ಸಾರು ಕುಡಿಯಿರಿ ಎನ್ನುವುದು ಯಾವ ಧರ್ಮ?

ಫಲಿತಾಂಶ ನಮ್ಮ ಕಣ್ಣ ಮುಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಇದನ್ನು ತಿಳಿವಳಿಕೆಯ ಕೊರತೆ ಎಂದು ಕರೆಯುವವರು ಆ ಮಕ್ಕಳ ಮುಂದೆ ನಿಂತು ಹೇಳಲಿ.

ಇಂಥ ರಾಜ್ಯದಲ್ಲಿ ಶಾಲೆಯ ಮಕ್ಕಳಿಗೆ ಒಂದು ಮೊಟ್ಟೆ ಕೊಡಿಸಲು ಎಷ್ಟು ಹೆಣಗಬೇಕಾಯಿತು ನೆನೆಯಿರಿ. 2021ರ ಡಿಸೆಂಬರಿನಲ್ಲಿ ಬೀದರ, ರಾಯಚೂರು, ಕಲಬುರಗಿ, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳಲ್ಲಿ ಮೊಟ್ಟೆ ಆರಂಭವಾದಾಗ, ಬೇಡವಾದವರಿಗೆ ಬಾಳೆಹಣ್ಣು ಇಟ್ಟಿದ್ದರೂ, ಕೆಲವು ಮಠಾಧೀಶರು ಎದ್ದು ನಿಂತರು. ಮಕ್ಕಳೇ ಮೊಟ್ಟೆ ಬೇಕು ಎಂದರು. ಮುಂದೆ ಅದು ಎಲ್ಲ ಜಿಲ್ಲೆಗಳಿಗೆ ಬಂತು; 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಹಣದ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಒಳ್ಳೆಯದೇ, ಸ್ವಾಗತಿಸುತ್ತೇವೆ. ಆದರೆ ಒಂದು ಮಾತು ಕೇಳಲೇಬೇಕು: ಮಗುವಿನ ಮೊಟ್ಟೆ ದಾನಿಯ ಮರ್ಜಿಯ ಮೇಲೆ ಏಕೆ ನಿಲ್ಲಬೇಕು? ದಾನ ಇಂದು ಇದ್ದು ನಾಳೆ ನಿಲ್ಲಬಹುದು. 1847ರಲ್ಲಿ ಐರ್ಲೆಂಡಿನ ಗಂಜಿ ಮನೆ ನಿಂತಂತೆ. ಹಕ್ಕು ನಿಲ್ಲಬಾರದು. ಆ ಮೊಟ್ಟೆಯ ದುಡ್ಡು ರಾಜ್ಯದ ಬಜೆಟ್ಟಿನಲ್ಲಿ ಮಗುವಿನ ಹಕ್ಕಾಗಿ ಕೂರಬೇಕು. ಅಂಗನವಾಡಿಯ ಕೂಸಿಗೆ, ಗರ್ಭಿಣಿಗೆ, ಬಾಣಂತಿಗೆ ಮೊಟ್ಟೆ, ಹಾಲು, ಕಾಳು ತಪ್ಪದೆ ಸಲ್ಲಬೇಕು. ಪಡಿತರದಲ್ಲಿ ಅಕ್ಕಿಯ ಜತೆ ರಾಗಿ, ಬೇಳೆ ಇರಬೇಕು. ಪುರಸಭೆ ತನ್ನ ಮಾಂಸದ ಮಾರುಕಟ್ಟೆಗೆ ನೀರು, ಚರಂಡಿ, ಬೆಳಕು ಕೊಟ್ಟು ಶುಚಿಯಾಗಿಡಬೇಕು. ಎಲುಬು ಕೊಳ್ಳುವ ಬಡವನೂ ಶುಚಿಯಾದದ್ದನ್ನೇ ಕೊಳ್ಳುವಂತಾಗಬೇಕು. ಎಲ್ಲಕ್ಕಿಂತ ಮೇಲಾಗಿ ಕೂಲಿ ಏರಬೇಕು. ಕೂಲಿ ಏರಿದರೆ ಮಾಂಸ ಬರುತ್ತದೆ. ಮಾಂಸ ಬಂದರೆ ಎಲುಬು ತಾನಾಗಿ ಉಳಿಯುತ್ತದೆ. ಆಗ ಸೂಪು ಮಾಡುವುದು ಹೇಗೆಂದು ನಾವೇ ಮಹಾಶಯರಿಗೆ ಹೇಳಿಕೊಡುತ್ತೇವೆ.

ಬರುವ ಸೋಮವಾರ ತಾಲ್ಲೂಕು ಕಚೇರಿಯ ಮುಂದೆ ಅಂಗನವಾಡಿಯ ತಾಯಂದಿರು ಈ ಬೇಡಿಕೆಗಳ ಅರ್ಜಿ ಕೊಡಲಿದ್ದಾರೆ. ಚಪ್ಪಲಿ ಹುಡುಕುತ್ತ ಪ್ರಶ್ನೆ ಕೇಳಿದ ಆ ತಾಯಿಯೂ ಬರುತ್ತೇನೆಂದಿದ್ದಾರೆ. ನಾವೂ ಇರುತ್ತೇವೆ. ಓದುಗ ಬಂಧುಗಳು ಕೂಲಿ ಬಿಟ್ಟು ಬರಲಾಗದಿದ್ದರೆ ಅರ್ಜಿಗೆ ರುಜುವನ್ನಾದರೂ ಹಾಕಿ ಕಳಿಸಬೇಕು. ಉಪನ್ಯಾಸದ ಮಹಾಶಯರಿಗೂ ಆಹ್ವಾನವುಂಟು. ಅವರು ಬಂದರೆ ಹುರುಳಿಕಾಳು ಹಾಕಿದ ಎಲುಬಿನ ಸಾರು, ರಾಗಿ ಮುದ್ದೆ ಬಡಿಸೋಣ. ನಮ್ಮ ಪಂಕ್ತಿಯಲ್ಲೇ ಕುಳಿತು ಉಣ್ಣಲಿ. ಚಮಚಕ್ಕೆ ಸರಪಳಿ ಇರುವುದಿಲ್ಲ, ಆರು ನಿಮಿಷಕ್ಕೆ ಗಂಟೆಯನ್ನೂ ಹೊಡೆಯುವುದಿಲ್ಲ.